ಅನೈರಿನ್ ಬೆವನ್ನರೂ ವೈದ್ಯನ ಬಾಗಿಲೂ

ಇಂಗ್ಲೆಂಡಿನಲ್ಲಿ ಈಚಿನ ವರ್ಷಗಳಲ್ಲಿ ಮನೆವೈದ್ಯನನ್ನು ಕಾಣಬೇಕೆಂಬ ರೋಗಿಯು ಬೆಳಿಗ್ಗೆ ಎಂಟು ಘಂಟೆಗೆ ಸರಿಯಾಗಿ ಟೆಲಿಫೋನನ್ನು ಹಿಡಿದು ಕುಳಿತಿರಬೇಕಾಗಿದೆ. ಊರಿಗೆ ಊರೇ ಆ ಹೊತ್ತಿಗೆ ಅದೇ ಕೆಲಸದಲ್ಲಿ ತೊಡಗಿರುವುದರಿಂದ ಅವನ ಕರೆ ಮುಟ್ಟುವಷ್ಟರಲ್ಲಿ ಆ ದಿನದ ವೇಳೆಯೆಲ್ಲ ಹಂಚಿಹೋಗಿರುವುದುಂಟು. ನಾಳೆ ಮತ್ತೆ ಪ್ರಯತ್ನಿಸಬೇಕೆಂಬ ಉತ್ತರ ಬರುವುದು. ಅಲ್ಲಿ ವೈದ್ಯನಿಗೆ ರೋಗಿಯು ಕಾಸನ್ನೂ ಕೊಡಬೇಕಾಗಿಲ್ಲ. ಕೊರತೆಯಾಗಿರುವುದು ವೈದ್ಯನ ಹೊತ್ತು. ಈ ಮಾತೆದ್ದಾಗಲೆಲ್ಲ ಆ ದೇಶದವರು ಒಬ್ಬ ಮಂತ್ರಿಯ ಹೆಸರನ್ನು ನೆನೆಯುತ್ತಾರೆ. ಕೆಲವರು ಭಕ್ತಿಯಿಂದ, ಕೆಲವರು ಆಕ್ಷೇಪಣೆಯಿಂದ. ಆ ಮಂತ್ರಿಯೇ ಅನೈರಿನ್ ಬೆವನ್ನರು. ನಮ್ಮ ವಾಚಕರಲ್ಲಿ ಸರ್ಕಾರದ ಅಧಿಕಾರಿಗಳೂ ಪುರಸಭೆಗಳ ಸದಸ್ಯರೂ ಹಲವರಿರುವುದರಿಂದ, ಅವರು ಏನನ್ನು ಸಾಧಿಸಿದರು, ಯಾವುದನ್ನು ಬಿಟ್ಟುಕೊಟ್ಟರು ಎಂಬುದನ್ನು ತುಸು ವಿಸ್ತಾರವಾಗಿ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಬೆವನ್ನರು 1897ನೆಯ ಇಸವಿ ನವೆಂಬರ್ 15ರಂದು ವೇಲ್ಸ್ ಪ್ರಾಂತದ ಟ್ರೆಡೀಗರ್ ಎಂಬ ಗಣಿಯೂರಿನಲ್ಲಿ ಜನಿಸಿದರು. ತಂದೆ ಕಲ್ಲಿದ್ದಲ ಗಣಿಯ ಕೆಲಸಗಾರ. ತಾಯಿ ಹೊಲಿಗೆಯಲ್ಲಿ ನಿಪುಣೆ. ಹತ್ತು ಮಂದಿ ಮಕ್ಕಳ ಸಂಸಾರ. ಬಾಲಕನಿಗೆ ಉಗ್ಗು ಇತ್ತು. ಶಾಲೆಯಲ್ಲಿ ಕೀರ್ತಿಯೇನೂ ಬರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ತೊರೆದು ಗಣಿಗೆ ಇಳಿದರು. ಹಗಲೆಲ್ಲ ನೆಲದಡಿಯಲ್ಲಿ ದುಡಿದು, ಉಳಿದ ವೇಳೆಯಲ್ಲಿ ಕೂಲಿಗಾರರ ಪುಸ್ತಕಭಂಡಾರದ ಗ್ರಂಥಗಳನ್ನು ಓದುತ್ತಿದ್ದರು. ಉಗ್ಗುವ ಶಬ್ದವನ್ನು ತಪ್ಪಿಸಿ ಅದೇ ಅರ್ಥದ ಬೇರೊಂದನ್ನು ಆಡಬೇಕಾಗಿದ್ದುದರಿಂದ ಅವರ ಶಬ್ದಸಂಪತ್ತು ಬೆಳೆಯಿತೆಂದು ಬಲ್ಲವರು ಹೇಳುವುದುಂಟು. ಪಾರ್ಲಿಮೆಂಟಿನಲ್ಲಿ ಚರ್ಚಿಲ್ಲರಿಗೆ ಇದಿರಾಗಿ ನಿಂತು ಮಾತನಾಡಬಲ್ಲ ವಿರಳ ವಾಗ್ಮಿಗಳಲ್ಲಿ ಒಬ್ಬರೆಂದು ಮುಂದೆ ಹೆಸರಾದವರು ಇವರೇ. ಗಣಿಗಾರರ ಸಂಘದ ನೆರವಿನಿಂದ 1919ರಲ್ಲಿ ಲಂಡನ್ನಿಗೆ ಹೋಗಿ ಎರಡು ವರ್ಷ ಓದಿ ಬಂದಾಗ ಊರಿನಲ್ಲಿ ಅವರಿಗೆ ಕೆಲಸವಿರಲಿಲ್ಲ. 1925ರಲ್ಲಿ ತಂದೆಯು ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಕೆಟ್ಟು, ಮಗನ ತೋಳಿನಲ್ಲಿಯೇ ಪ್ರಾಣಬಿಟ್ಟರು. ಆ ರೋಗವು ಕಸುಬಿನಿಂದ ಬಂದುದೆಂದು ಅಂದಿನ ಕಾನೂನು ಒಪ್ಪುತ್ತಿರಲಿಲ್ಲವಾಗಿ ಕುಟುಂಬಕ್ಕೆ ಪರಿಹಾರದ ಹಣವೂ ದೊರೆಯಲಿಲ್ಲ.

ಬೆವನ್ನರ ಮುಂದಿನ ಕಾರ್ಯದ ಬೀಜವು ಟ್ರೆಡೀಗರಿನಲ್ಲಿಯೇ ಇತ್ತು. 1911ರ ರಾಷ್ಟ್ರೀಯ ವಿಮಾ ಕಾನೂನಿನಿಂದ ಆ ದೇಶದ ಕೂಲಿಗಾರನಿಗೆ ವೈದ್ಯನ ನೆರವು ದೊರೆತಿತ್ತು. ಆದರೆ ಅವನ ಹೆಂಡತಿಗೂ ಮಕ್ಕಳಿಗೂ ಅಲ್ಲ. ತಾಯಂದಿರು ವೈದ್ಯನ ಫೀಜಿಗೆ ಅಂಜಿ ರೋಗವನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ಟ್ರೆಡೀಗರಿನವರು ಇದಕ್ಕೆ ಮೊದಲೇ ಬೇರೆ ಉಪಾಯವನ್ನು ಹೂಡಿದ್ದರು. 1890ರಲ್ಲಿ ಹುಟ್ಟಿದ ಅವರ ವೈದ್ಯಸಹಾಯ ಸಂಘಕ್ಕೆ ಪ್ರತಿಯೊಬ್ಬ ಸದಸ್ಯನೂ ಪೌಂಡು ಕೂಲಿಗೆ ಮೂರು ಪೆನ್ಸಿನಂತೆ ವಂತಿಗೆ ಸಲ್ಲಿಸುತ್ತಿದ್ದನು. ಆ ಹಣದಿಂದ ಸಂಘವು ವೈದ್ಯರನ್ನೂ ಶಸ್ತ್ರವೈದ್ಯನನ್ನೂ ದಂತವೈದ್ಯನನ್ನೂ ದಾದಿಯನ್ನೂ ಸಂಬಳಕ್ಕೆ ಇಟ್ಟುಕೊಂಡು, ಊರಿನ ಬಹುಮಟ್ಟಿನ ಸಂಸಾರಗಳಿಗೆಲ್ಲ ಚಿಕಿತ್ಸೆಯನ್ನು ಒದಗಿಸುತ್ತಿತ್ತು. ಎ. ಜೆ. ಕ್ರೋನಿನ್ ಎಂಬ ಯುವಕ ವೈದ್ಯರು 1920ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಕೆಲಸ ಮಾಡಿದರು. 1937ರಲ್ಲಿ ಅವರು ಬರೆದ ದಿ ಸಿಟಾಡೆಲ್ ಎಂಬ ಕಾದಂಬರಿಗೆ ಈ ಅನುಭವವೇ ಆಧಾರ.

ಈ ಏರ್ಪಾಡಿನ ಒಂದು ಲಕ್ಷಣವನ್ನು ವಾಚಕರು ಗಮನಿಸಬೇಕು. ಇಲ್ಲಿ ವೈದ್ಯನನ್ನು ನೇಮಿಸುವವರು ರೋಗಿಗಳೇ. ವೈದ್ಯನು ಕರೆದಾಗ ಬಾರದಿದ್ದರೆ ದೂರು ಕೇಳಲು ಊರಿನಲ್ಲಿಯೇ ಒಂದು ಸಮಿತಿಯಿತ್ತು. ವೈದ್ಯರು ಸಾಲದಾದರೆ ಇನ್ನೊಬ್ಬನನ್ನು ಕರೆತರಲು ಅದೇ ಸಮಿತಿಗೆ ಅಧಿಕಾರವಿತ್ತು. ಗಣಿಯ ಕೂಲಿಗಾರರು ತಮ್ಮ ಮೇಲೆ ಯಜಮಾನಿಕೆ ನಡೆಸುವುದು ವೈದ್ಯವೃತ್ತಿಯವರಿಗೆ ಸಹ್ಯವಾಗಿರಲಿಲ್ಲವೆಂಬುದೂ ನಿಜ. 1922ರಲ್ಲಿ ಪುರಸಭೆಗೆ ಚುನಾಯಿತರಾದ ಬೆವನ್ನರು ಅದೇ ದಶಕದಲ್ಲಿ ಊರಿನ ಆಸ್ಪತ್ರೆಯ ಸಮಿತಿಯಲ್ಲಿಯೂ ಕುಳಿತು ಈ ವ್ಯವಸ್ಥೆಯ ಒಳಹೊರಗನ್ನು ಅರಿತರು. 1929ರಲ್ಲಿ ಎಬ್ಬೂ ವೇಲ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋದರು. ಸಾಯುವವರೆಗೂ ಆ ಸ್ಥಾನ ಅವರದೇ ಆಗಿತ್ತು. 1934ರಲ್ಲಿ ಜೆನ್ನಿ ಲೀ ಎಂಬ ಪಾರ್ಲಿಮೆಂಟರಿ ಪಟುವಿನೊಡನೆ ವಿವಾಹವಾಯಿತು. ಭಾರತದ ಸ್ವಾತಂತ್ರ್ಯಕ್ಕೆ ಅವರಿಬ್ಬರೂ ಮಿತ್ರರು. ನೆಹರೂ ಅವರೊಡನೆಯೂ ಕೃಷ್ಣ ಮೆನನ್ನರೊಡನೆಯೂ ಅವರಿಗೆ ಸ್ನೇಹವಿತ್ತು.

1945ರ ಚುನಾವಣೆಯಲ್ಲಿ ಮಜೂರ ಪಕ್ಷ ಗೆದ್ದಿತು. ನಾಲ್ವತ್ತೇಳು ವರ್ಷದ ಬೆವನ್ನರು ಆ ಮಂತ್ರಿಮಂಡಲದಲ್ಲಿ ಎಲ್ಲರಿಗಿಂತ ಕಿರಿಯರಾಗಿ ಆರೋಗ್ಯದ ಖಾತೆಯನ್ನು ವಹಿಸಿಕೊಂಡರು. ವಸತಿಯ ಹೊರೆಯೂ ಅದರೊಡನೆಯೇ ಬಂದಿತು. ರಾಷ್ಟ್ರೀಯ ಆರೋಗ್ಯ ಸೇವೆಯ ಮಸೂದೆಯು 1946ರ ನವೆಂಬರ್ 6ರಂದು ಕಾನೂನಾಯಿತು. ಸೇವೆಯ ಪ್ರಾರಂಭಕ್ಕೆ 1948ರ ಜುಲೈ 5 ಗೊತ್ತಾಯಿತು. ಆಸ್ಪತ್ರೆಗಳನ್ನೆಲ್ಲ ರಾಷ್ಟ್ರದ ವಶಕ್ಕೆ ತೆಗೆದುಕೊಂಡುದು ಅಷ್ಟು ಕಷ್ಟವಾಗಲಿಲ್ಲ. ಆಸ್ಪತ್ರೆಯ ದೊಡ್ಡ ವೈದ್ಯರಿಗೆ ಖಾಸಗಿ ರೋಗಿಗಳ ಹಾಸಿಗೆಗಳನ್ನೂ ಯೋಗ್ಯತೆಗೆ ಹೆಚ್ಚಿನ ವೇತನವನ್ನೂ ಬಿಟ್ಟುಕೊಟ್ಟು ಅವರನ್ನು ಒಲಿಸಿಕೊಂಡರು. ಬೀದಿಬೀದಿಯ ಮನೆವೈದ್ಯರು ಮಾತ್ರ ಒಲಿಯಲಿಲ್ಲ. ತಮ್ಮನ್ನು ಸಂಬಳದ ನೌಕರರನ್ನಾಗಿ ಮಾಡುವ ಹಂಚಿಕೆ ಇದು ಎಂಬ ಭೀತಿ ಅವರದು. 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ವೈದ್ಯರ ಸಂಘವು ಅಭಿಪ್ರಾಯ ಸಂಗ್ರಹಿಸಿದಾಗ 40,000ಕ್ಕೂ ಮಿಕ್ಕ ವೈದ್ಯರು ಕಾನೂನಿಗೆ ವಿರುದ್ಧವಾಗಿಯೂ 5,000ಕ್ಕೆ ಕಡಿಮೆ ಜನ ಪರವಾಗಿಯೂ ಮತವಿತ್ತರು.

ದಿನವು ಸಮೀಪಿಸಿತ್ತು, ವೈದ್ಯರಿಲ್ಲದೆ ವೈದ್ಯಸೇವೆಯೆಲ್ಲಿ? ಆ ಏಪ್ರಿಲ್ ತಿಂಗಳಲ್ಲಿ ಬೆವನ್ನರು ಒಂದು ಹೆಜ್ಜೆ ಹಿಂದೆ ಇಟ್ಟರು. ಪೂರ್ಣಕಾಲದ ಸಂಬಳದ ನೌಕರಿಯನ್ನು ಮನೆವೈದ್ಯರ ಮೇಲೆ ಹೊರಿಸಲಾಗದಂತೆ ಕಾನೂನಿನಲ್ಲಿಯೇ ಬರೆಯುವುದಾಗಿ ಒಪ್ಪಿದರು. ಮನೆವೈದ್ಯನು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡ ಸ್ವತಂತ್ರ ವೃತ್ತಿಗಾರನಾಗಿಯೇ ಉಳಿದನು. ಅವನ ಪಟ್ಟಿಯಲ್ಲಿ ಎಷ್ಟು ಹೆಸರುಗಳಿದ್ದವೋ ಅಷ್ಟು ತಲೆಗಳಿಗೆ ಸಂಭಾವನೆ. ಒಬ್ಬ ವೈದ್ಯನಿಗೆ 4,000 ಹೆಸರುಗಳ ಮಿತಿ ಇತ್ತು. ಮಿತಿಯೇ ಅಷ್ಟು ದೊಡ್ಡದಾಗಿದ್ದ ಮೇಲೆ ಒಬ್ಬೊಬ್ಬ ರೋಗಿಗೆ ಉಳಿಯುವ ನಿಮಿಷಗಳೆಷ್ಟು? ರೋಗಿಯೊಡನೆ ಕಾಲು ಘಂಟೆ ಕುಳಿತರೂ ಮೂರು ನಿಮಿಷದಲ್ಲಿ ಸಾಗಹಾಕಿದರೂ ಸಂಭಾವನೆ ಒಂದೇ. ಟ್ರೆಡೀಗರಿನ ಸಮಿತಿಗೆ ವೈದ್ಯನ ಹೊತ್ತಿನ ಮೇಲೆ ಯಾವ ಅಧಿಕಾರವಿತ್ತೋ ಅದು ರಾಷ್ಟ್ರದ ಮಂತ್ರಿಗೆ ದೊರೆಯಲಿಲ್ಲ.

ಹಾಗೆಂದು ಬೆವನ್ನರು ಎಲ್ಲವನ್ನೂ ಕೈಬಿಟ್ಟರೆಂದಲ್ಲ. ಅಂಗಡಿಯನ್ನು ಮಾರುವಂತೆ ವೈದ್ಯರು ತಮ್ಮ ರೋಗಿಗಳ ಬಳಗವನ್ನು ಮತ್ತೊಬ್ಬ ವೈದ್ಯನಿಗೆ ಮಾರುವ ಪದ್ಧತಿ ಆ ದೇಶದಲ್ಲಿತ್ತು. ಪರಿಹಾರಕ್ಕಾಗಿ 660 ಲಕ್ಷ ಪೌಂಡುಗಳನ್ನು ತೆಗೆದಿರಿಸಿ ಅದನ್ನು ನಿಲ್ಲಿಸಿದರು. ವೈದ್ಯರು ತುಂಬಿರುವ ಊರಿಗೆ ಹೊಸಬನು ಹೋಗಿ ಸೇರದಂತೆ ತಡೆಯುವ ಮಂಡಲಿಯೊಂದನ್ನು ಸ್ಥಾಪಿಸಿದರು. 2002ರವರೆಗೂ ಅದು ನಡೆಯಿತು. ಹಣವಂತರ ಬಡಾವಣೆಗಳಲ್ಲಿ ವೈದ್ಯರು ಕಿಕ್ಕಿರಿದು, ಗಣಿಯೂರುಗಳಲ್ಲಿ ಒಬ್ಬನೇ ಏಗುತ್ತಿದ್ದ ಸ್ಥಿತಿಯು ಇದರಿಂದ ಕೆಲಮಟ್ಟಿಗೆ ಸುಧಾರಿಸಿತು. ನಮ್ಮ ಜಿಲ್ಲಾ ಕೇಂದ್ರಗಳ ಬೀದಿಗಳಲ್ಲಿ ವೈದ್ಯರ ಹಲಗೆಗಳು ಎಷ್ಟಿವೆ, ಹೋಬಳಿಗಳಲ್ಲಿ ಎಷ್ಟಿವೆ ಎಂದು ಎಣಿಸಿದವರಿಗೆ ಈ ಏರ್ಪಾಡಿನ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

ಜುಲೈ 5 ಬಂದಾಗ ವೈದ್ಯರಲ್ಲಿ ಬಹುಪಾಲು ಸೇರಿದ್ದರು. ಜನರಲ್ಲಿ ಮುಕ್ಕಾಲು ಪಾಲು ಹೆಸರು ಬರೆಯಿಸಿದ್ದರು. ಮುಚ್ಚಿಟ್ಟ ರೋಗಗಳೆಲ್ಲ ಒಂದೇ ಸಲಕ್ಕೆ ಹೊರಬಿದ್ದವು. ಮೊದಲ ವರ್ಷದಲ್ಲಿಯೇ ಐವತ್ತು ಲಕ್ಷಕ್ಕೂ ಮಿಕ್ಕ ಕನ್ನಡಕಗಳನ್ನು ಕೊಡಬೇಕಾಯಿತು. ಇದನ್ನು ಕಂಡು ಕೆಲವರು ಜನರ ದುರಾಸೆಯೆಂದು ಹಳಿದರು. ಕಣ್ಣು ಕಾಣದವನು ಕನ್ನಡಕ ಬೇಡುವುದು ದುರಾಸೆಯೆಂದು ನಾವು ಎಣಿಸುವುದಿಲ್ಲ. ಮೊದಲು ಫೀಜು ಕೊಡಲಾರದವನು ಮನೆಯಲ್ಲಿಯೇ ನರಳುತ್ತಿದ್ದುದರಿಂದ ಸಾಲು ಕಾಣುತ್ತಿರಲಿಲ್ಲ, ಈಗ ಕಂಡಿತು.

ಆದರೆ ಆ ಸಾಲು ಕುಳಿತದ್ದೆಲ್ಲಿ? ವೈದ್ಯನ ಮನೆಯ ಮುಂಕೋಣೆಯಲ್ಲಿ. ವೇಳೆ ಗೊತ್ತುಮಾಡುವ ಪದ್ಧತಿ ಆಗ ವಿರಳ; ಬಂದವರು ಬಂದ ಕ್ರಮದಲ್ಲಿ ಬೆಂಚಿನ ಮೇಲೆ ಕಾದು ಕುಳಿತುಕೊಳ್ಳುತ್ತಿದ್ದರು. ಜೋಸೆಫ್ ಕಾಲಿಂಗ್ಸ್ ಎಂಬ ವೈದ್ಯರು ಈ ಮನೆವೈದ್ಯಶಾಲೆಗಳನ್ನು ಸುತ್ತಿ ನೋಡಿ 1950ರಲ್ಲಿ ಕಟುವಾದ ವರದಿಯನ್ನು ಪ್ರಕಟಿಸಿದರು: ಇಕ್ಕಟ್ಟು, ಸಲಕರಣೆಗಳ ಅಭಾವ, ಅವಸರದ ಪರೀಕ್ಷೆ. ಇದಕ್ಕೆ ಪರಿಹಾರವು ಬೆವನ್ನರ ಕಾನೂನಿನಲ್ಲಿಯೇ ಇತ್ತು. ಹಲವು ವೈದ್ಯರೂ ದಾದಿಯರೂ ಒಂದೇ ಸೂರಿನಡಿ ಕೆಲಸ ಮಾಡುವ ಆರೋಗ್ಯಕೇಂದ್ರಗಳನ್ನು ಸ್ಥಳೀಯ ಸಂಸ್ಥೆಗಳು ಕಟ್ಟಬೇಕೆಂಬ ವಿಧಿ ಅದು. ಲಂಡನ್ನಿನ ವುಡ್‌ಬೆರಿ ಡೌನ್ ಎಂಬಲ್ಲಿ 1952ರಲ್ಲಿ ತೆರೆದಂಥ ಕೆಲವನ್ನು ಬಿಟ್ಟರೆ ಮೊದಲ ಹದಿನೈದು ವರ್ಷಗಳಲ್ಲಿ ಅವು ಏಳಲೇ ಇಲ್ಲ. ಯುದ್ಧದಲ್ಲಿ ಬಾಂಬು ಬಿದ್ದು ಮನೆಮಾರು ಕಳೆದುಕೊಂಡವರಿಗೆ ಇಟ್ಟಿಗೆ ಬೇಕಾಗಿತ್ತು. ವಸತಿಯ ಮಂತ್ರಿಯೂ ಅವರೇ. ಒಂದು ಕೈಯಿಂದ ಮನೆ ಕಟ್ಟಲು ಇಟ್ಟಿಗೆಯನ್ನು ಕೊಟ್ಟು ಇನ್ನೊಂದು ಕೈಯಿಂದ ಆರೋಗ್ಯಕೇಂದ್ರಕ್ಕೆ ಇಲ್ಲವೆನ್ನಬೇಕಾಯಿತು. ಈ ಆಯ್ಕೆಯನ್ನು ನಾವು ದೂಷಿಸಲಾರೆವು. ತಲೆಯೆಣಿಕೆಯ ಸಂಭಾವನೆಗೆ ಒಪ್ಪಿದುದನ್ನೂ ನಾವು ದೂಷಿಸುವುದಿಲ್ಲ, ಏಕೆಂದರೆ ಒಪ್ಪದಿದ್ದರೆ ಆ ಜುಲೈಯಲ್ಲಿ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಅವರ ನಂತರ ಅಧಿಕಾರಕ್ಕೆ ಬಂದವರು ಅವರು ತೆರೆದ ಬಾಗಿಲನ್ನು ಹೊಗಳುತ್ತ, ಒಳಗೆ ಕೂರಬೇಕಾದ ವೈದ್ಯರ ಲೆಕ್ಕವನ್ನು ಹಾಕದೆ ಬಿಟ್ಟುದು ಕ್ಷಮಾರ್ಹವಲ್ಲ.

ಉಳಿದ ಕಥೆ ಸಂಕ್ಷಿಪ್ತ. 1951ರಲ್ಲಿ ಯುದ್ಧಸಾಮಗ್ರಿಯ ವೆಚ್ಚವು ಏರಿದಾಗ ಅರ್ಥಮಂತ್ರಿ ಗೈಟ್‌ಸ್ಕೆಲ್ಲರು ಕೃತಕ ದಂತಗಳಿಗೂ ಕನ್ನಡಕಗಳಿಗೂ ಬೆಲೆಯ ಅರ್ಧವನ್ನು ರೋಗಿಯಿಂದ ಪಡೆಯಬೇಕೆಂದರು. ಬೆವನ್ನರು ಏಪ್ರಿಲಿನಲ್ಲಿ ರಾಜೀನಾಮೆಯಿತ್ತು ಹೊರಬಂದರು. ಔಷಧಗಳಿಗೆ ಶುಲ್ಕ ವಿಧಿಸಲು ಅವಕಾಶವೀಯುವ ಕಾನೂನು 1949ರಲ್ಲಿ ಅವರ ಕಾಲದಲ್ಲಿಯೇ ಆಗಿತ್ತೆಂದು ಎದುರಾಳಿಗಳು ಎತ್ತಿ ತೋರಿಸಿದರು. ಅದು ಸುಳ್ಳೂ ಅಲ್ಲ, ಆದರೆ ಅದನ್ನು ಅವರು ಜಾರಿಗೆ ತಂದಿರಲಿಲ್ಲ. ಮುಂದೆ ಅವರು ಮಂತ್ರಿಯಾಗಲೇ ಇಲ್ಲ. 1959ರಲ್ಲಿ ಪಕ್ಷದ ಉಪನಾಯಕರಾದರು. 1960ರ ಜುಲೈ 6ರಂದು, ಆರೋಗ್ಯ ಸೇವೆಗೆ ಹನ್ನೆರಡು ವರ್ಷ ತುಂಬಿದ ಮರುದಿನ, ಜಠರದ ಕ್ಯಾನ್ಸರಿನಿಂದ ತಮ್ಮ ಅರುವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

1966ರಲ್ಲಿ ಮನೆವೈದ್ಯರೊಡನೆ ಹೊಸ ಒಪ್ಪಂದವಾಗಿ ಕಟ್ಟಡಕ್ಕೂ ಸಹಾಯಕರಿಗೂ ಹಣ ದೊರೆಯಿತು. ಆರೋಗ್ಯಕೇಂದ್ರಗಳು ಆಮೇಲೆ ಎದ್ದವು. ಮುಂಕೋಣೆಯ ಬೆಂಚು ಹೋಗಿ, ಮುಂಚಿತವಾಗಿ ವೇಳೆ ಪಡೆಯುವ ಕ್ರಮ ಬಂದಿತು. 2000ದಲ್ಲಿ ಸರ್ಕಾರವು ಯಾವ ರೋಗಿಗೂ 48 ಘಂಟೆಗಳೊಳಗೆ ಮನೆವೈದ್ಯನ ಭೇಟಿ ದೊರೆಯಬೇಕೆಂಬ ಗುರಿಯನ್ನು ಹಾಕಿತು. ಆಗ ಕೆಲವು ವೈದ್ಯಶಾಲೆಗಳವರು, ಎರಡು ದಿನಕ್ಕಿಂತ ಮುಂದಿನ ವೇಳೆಯನ್ನು ಯಾರಿಗೂ ಕೊಡದಿದ್ದರೆ ಗುರಿ ತಾನಾಗಿ ಸಿದ್ಧಿಸುವುದೆಂದು ಕಂಡುಕೊಂಡರು! ಮುಂದಿನ ವಾರಕ್ಕೆ ವೇಳೆ ಕೇಳಿದವನಿಗೆ ಇಲ್ಲವೆಂಬ ಉತ್ತರ. 2005ರ ಚುನಾವಣೆಯ ಕಾಲದಲ್ಲಿ ಟೆಲಿವಿಷನ್ ಸಭೆಯೊಂದರಲ್ಲಿ ಇದನ್ನು ಕೇಳಿದ ಪ್ರಧಾನಮಂತ್ರಿ ಬ್ಲೇರರು ಬೆರಗಾದರು. ತಮ್ಮ ಆಜ್ಞೆಯು ಕಡತದಿಂದ ಬಾಗಿಲಿಗೆ ಇಳಿಯುವಷ್ಟರಲ್ಲಿ ಯಾವ ರೂಪ ತಾಳಿರುತ್ತದೆಂದು ಅಧಿಕಾರಸ್ಥರು ತಿಳಿಯುವುದು ಬಹುಶಃ ಎಲ್ಲ ದೇಶಗಳಲ್ಲಿಯೂ ಹೀಗೆಯೇ. 2010ರಲ್ಲಿ ಆ ಗುರಿಯನ್ನು ಕೈಬಿಡಲಾಯಿತು.

ಇಂಗ್ಲೆಂಡಿನಲ್ಲಿ ಈಚೆಗೆ ಪೂರ್ಣಕಾಲದ ಮನೆವೈದ್ಯನೊಬ್ಬನಿಗೆ ಸರಾಸರಿ 2,200ಕ್ಕೂ ಮೇಲ್ಪಟ್ಟು ರೋಗಿಗಳು. ಬೆವನ್ನರ 4,000ದ ಮಿತಿಗಿಂತ ಇದು ಎಷ್ಟೋ ಕಡಿಮೆಯಲ್ಲವೆ ಎಂದು ಕೇಳಬಹುದು. ಆದರೆ ಅಂದು ಬೇಗ ಸಾಯುತ್ತಿದ್ದವರು ಈಗ ಸಕ್ಕರೆ ರೋಗ, ರಕ್ತದೊತ್ತಡ, ಹೃದ್ರೋಗಗಳೊಡನೆ ಎಂಬತ್ತು ವರ್ಷ ಬಾಳುತ್ತಾರೆ. ಒಬ್ಬನೇ ವರ್ಷಕ್ಕೆ ಹಲವು ಸಲ ವೈದ್ಯನನ್ನು ಕಾಣಬೇಕಾಗುತ್ತದೆ. ಭೇಟಿಗಳಲ್ಲಿ ಅರ್ಧಕ್ಕೆ ಸಮೀಪ ಕೇಳಿದ ದಿನವೇ ದೊರೆಯುತ್ತವೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು; ಉಳಿದವರು ದಿನಗಟ್ಟಲೆ, ಕೆಲವರು ವಾರಗಟ್ಟಲೆ ಕಾಯುತ್ತಾರೆ.

ಬೆವನ್ನರು ಹುಟ್ಟಿದ ಕಣಿವೆಗಳಲ್ಲಿ ಈ ಕೊರತೆಯನ್ನು ಬಹುಕಾಲ ತುಂಬಿದವರು ನಮ್ಮ ದೇಶದ ವೈದ್ಯರು. 1960ರಿಂದೀಚೆಗೆ ಭಾರತದ ವೈದ್ಯಕಾಲೇಜುಗಳಲ್ಲಿ ಓದಿ ಹೋದವರಿಗೆ ಆಂಗ್ಲರ ದೊಡ್ಡ ಆಸ್ಪತ್ರೆಗಳಲ್ಲಿ ಮೇಲಿನ ಸ್ಥಾನಗಳು ಸುಲಭವಾಗಿ ದೊರೆಯದೆ, ಅಲ್ಲಿಯ ವೈದ್ಯರು ಹೋಗಲೊಲ್ಲದ ಗಣಿಯೂರುಗಳಲ್ಲಿ ಅವರು ಮನೆವೈದ್ಯರಾಗಿ ನೆಲೆಸಿದರು. ಎಷ್ಟೋ ಊರುಗಳಲ್ಲಿ ಒಬ್ಬೊಬ್ಬರೇ ಮೂವತ್ತು ನಾಲ್ವತ್ತು ವರ್ಷ, ತಂದೆ ಮಗ ಮೊಮ್ಮಗ ಮೂರು ತಲೆಮಾರುಗಳನ್ನು ನೋಡಿಕೊಂಡರು. ಆ ಪೀಳಿಗೆಯವರು ಈಗ ಬಹುಮಟ್ಟಿಗೆ ನಿವೃತ್ತರಾಗಿದ್ದಾರೆ. ಅವರು ಬಿಟ್ಟುಹೋದ ವೈದ್ಯಶಾಲೆಗಳಲ್ಲಿ ಕೆಲವಕ್ಕೆ ಹೊಸ ವೈದ್ಯರು ಸಿಕ್ಕದೆ ಬಾಗಿಲು ಮುಚ್ಚಿದೆ.