ಮಾರ್ಕ್ ವೈಸರ್: ಎಲ್ಲೆಡೆ ಕಂಪ್ಯೂಟರ್ ಕಂಡವರು

ನಾನು ವಾಣಿಜ್ಯ ವಿಭಾಗದವನಾದರೂ ಕಂಪ್ಯೂಟರ್ ವಿಜ್ಞಾನಿ ಮಾರ್ಕ್ ವೈಸರ್ ಅವರ ಬದುಕು ನನಗೆ ತುಂಬಾ ಇಷ್ಟವಾಯಿತು. ಅಮೆರಿಕದ ಇವರು ಹುಟ್ಟಿದ್ದು 1952ರಲ್ಲಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1987ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರ ಸೇರಿದರು.

ಕಂಪ್ಯೂಟರ್ ಮೇಜಿನ ಮೇಲಷ್ಟೇ ಇರದೆ ನಮ್ಮ ಸುತ್ತ ಎಲ್ಲೆಡೆ ಸದ್ದಿಲ್ಲದೆ ಕೆಲಸ ಮಾಡಬೇಕೆಂಬುದು ಇವರ ಕನಸು. ಇವರ ತಂಡ ಅಂಗೈಯಲ್ಲಿ ಹಿಡಿಯುವಂಥ ಯಂತ್ರ ಮಾಡಿತು. ಅದು ಯಾವ ಕೋಣೆಯಲ್ಲಿದೆ ಎಂಬುದು ವ್ಯವಸ್ಥೆಗೆ ತಿಳಿಯುತ್ತಿತ್ತು. ಇಂದು ಮೊಬೈಲ್‌ನಲ್ಲಿ ‘ಎಟಿಎಂ’ ಎಂದಷ್ಟೇ ಹುಡುಕಿದರೂ ಹತ್ತಿರದ್ದು ಸಿಗುವುದು ಇಂಥದ್ದೇ ತಿಳಿವಳಿಕೆಯಿಂದ.

ನಾವಿರುವ ಜಾಗ ತಿಳಿದ ಯಂತ್ರದಿಂದ ನಮ್ಮ ಖಾಸಗಿತನಕ್ಕೆ ಅಪಾಯವಿದೆ ಎಂದೂ ಇವರು 1991ರ ಲೇಖನದಲ್ಲೇ ಎಚ್ಚರಿಸಿದ್ದರು. 1999ರಲ್ಲಿ, 46ನೇ ವಯಸ್ಸಿನಲ್ಲಿ ತೀರಿಕೊಂಡರು. ಯಾವುದೇ ಆ್ಯಪ್ ‘ಲೊಕೇಶನ್’ ಕೇಳಿದರೆ, ಇದಕ್ಕೇಕೆ ಬೇಕು ಎಂದು ನಾನೀಗ ಯೋಚಿಸುತ್ತೇನೆ. ನೀವೂ ಯೋಚಿಸಿ.