ಟಿಲ್ಮನ್ ರೀಮನ್‌ಶ್ನೈಡರ್: ಕಾಷ್ಠಶಿಲ್ಪಿಯ ಜೀವನ ಮತ್ತು ಕೆತ್ತನೆಯ ವಿಧಾನ

ಮರದ ಕೆತ್ತನೆಯನ್ನು ಹವ್ಯಾಸವಾಗಿ ಅಥವಾ ವೃತ್ತಿಯಾಗಿ ಕೈಗೊಂಡಿರುವ ಸಾರ್ವಜನಿಕರ ಮಾಹಿತಿಗಾಗಿ ಜರ್ಮನಿಯ ಸುಪ್ರಸಿದ್ಧ ಶಿಲ್ಪಿ ಟಿಲ್ಮನ್ ರೀಮನ್‌ಶ್ನೈಡರ್ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಬಣ್ಣ ಹಾಗೂ ಚಿನ್ನದ ಲೇಪದ ಆಸರೆಯಿಲ್ಲದೆ, ಉಳಿಯ ಕೆಲಸವೊಂದರಿಂದಲೇ ಮರದ ವಿಗ್ರಹವು ಪೂರ್ಣವಾಗಬಲ್ಲದೆಂದು ತೋರಿಸಿಕೊಟ್ಟ ಮೊದಲಿಗರಲ್ಲಿ ಇವರು ಪ್ರಮುಖರು. ನಗರಾಡಳಿತದಲ್ಲಿ ಹೊಣೆ ಹೊತ್ತಿದ್ದ ಇವರು ತಮ್ಮ ನಿಲುವಿಗಾಗಿ ಸೆರೆವಾಸವನ್ನೂ ಅನುಭವಿಸಿದರು.

ಜನನ ಮತ್ತು ಆರಂಭಿಕ ಜೀವನ

ರೀಮನ್‌ಶ್ನೈಡರ್ ಅವರು ಸುಮಾರು 1460ರಲ್ಲಿ ಮಧ್ಯ ಜರ್ಮನಿಯ ಹೈಲಿಗೆನ್‌ಸ್ಟಾಟ್ ಎಂಬಲ್ಲಿ ಜನಿಸಿದರು. ಇವರ ತಂದೆ ನಾಣ್ಯ ಟಂಕಿಸುವ ಟಂಕಸಾಲೆಯ ಅಧಿಕಾರಿಯಾಗಿದ್ದರು. ಕೆತ್ತನೆಯ ವಿದ್ಯೆಯನ್ನು ಕಲಿತ ನಂತರ ಇವರು 1483ರಲ್ಲಿ ಮೈನ್ ನದಿಯ ದಡದಲ್ಲಿರುವ ವೂರ್ಜ್‌ಬರ್ಗ್ ನಗರದ ಕಲಾವಿದರ ಸಂಘದಲ್ಲಿ ಸಹಾಯಕ ಕುಶಲಕರ್ಮಿಯಾಗಿ ಹೆಸರು ನೋಂದಾಯಿಸಿದರು.

ಅಂದಿನ ಜರ್ಮನ್ ನಗರಗಳಲ್ಲಿ ಸಂಘದ ಅನುಮತಿ ಇಲ್ಲದವರು ಸ್ವಂತ ಕಾರ್ಯಾಗಾರ ನಡೆಸುವಂತಿರಲಿಲ್ಲ. 1485ರಲ್ಲಿ ಇವರು ಮೂವರು ಗಂಡುಮಕ್ಕಳಿದ್ದ ಅನ್ನಾ ಸ್ಮಿಟ್ ಎಂಬ ವಿಧವೆಯನ್ನು ವಿವಾಹವಾದರು. ಈಕೆಯ ಮೊದಲ ಪತಿ ಅಕ್ಕಸಾಲಿಗರಾಗಿದ್ದರು. ಅದೇ ವರ್ಷ ಇವರಿಗೆ ನಗರದ ಪೌರತ್ವವೂ, ಸಂಘದಲ್ಲಿ ಗುರುವಿನ ಸ್ಥಾನವೂ ದೊರೆತವು. ಮುಂದೆ ಇವರ ಕಾರ್ಯಾಗಾರವು ಹತ್ತಕ್ಕೂ ಹೆಚ್ಚು ಶಿಷ್ಯರಿಗೆ ತರಬೇತಿ ನೀಡುವಷ್ಟು ದೊಡ್ಡದಾಗಿ ಬೆಳೆಯಿತು.

ಮರದ ಆಯ್ಕೆ ಮತ್ತು ಕೆತ್ತನೆಯ ವಿಧಾನ

ಇವರು ಹೆಚ್ಚಾಗಿ ಬಳಸಿದ್ದು ಲಿಂಡೆನ್ ಮರವನ್ನು. ಇದು ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದಂತೆ ತಿಳಿ ಬಣ್ಣದ, ನಯವಾದ ಎಳೆಯುಳ್ಳ ಮರವಾಗಿದೆ. ಎಳೆಗಳು ಎಲ್ಲೆಡೆ ಸಮನಾಗಿರುವುದರಿಂದ ಉಳಿಯು ಯಾವ ದಿಕ್ಕಿಗೆ ಸಾಗಿದರೂ ಮರವು ಸುಲಭವಾಗಿ ಸಿಬಿರೇಳುವುದಿಲ್ಲ. ಬೆರಳು, ಗುಂಗುರು ಕೂದಲು ಹಾಗೂ ಬಟ್ಟೆಯ ನೆರಿಗೆಗಳಂತಹ ಸೂಕ್ಷ್ಮ ಭಾಗಗಳಿಗೆ ಇದು ಅತ್ಯಂತ ಯೋಗ್ಯವಾದುದು.

ಆದರೆ ಮರವು ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರಗಳ ಉದ್ದಕ್ಕೂ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಹೆಚ್ಚಾಗಿರುತ್ತದೆ. ಇದರಿಂದಾಗಿ ಇಡಿಯ ದಿಮ್ಮಿಯಲ್ಲಿ ಕೆತ್ತಿದ ವಿಗ್ರಹವು ಕಾಲಕ್ರಮೇಣ ಉದ್ದಕ್ಕೆ ಸೀಳುತ್ತದೆ. ಇದನ್ನು ತಡೆಯಲು ಅಂದಿನ ಶಿಲ್ಪಿಗಳು ವಿಗ್ರಹದ ಬೆನ್ನಿನ ಕಡೆಯಿಂದ ತಿರುಳನ್ನು ಕೊರೆದು ತೆಗೆದು, ಒಳಭಾಗವನ್ನು ಟೊಳ್ಳಾಗಿಸುತ್ತಿದ್ದರು. ಗೋಡೆಗೆ ಒರಗಿ ನಿಲ್ಲುವ ವಿಗ್ರಹಗಳಾದ್ದರಿಂದ ಈ ಟೊಳ್ಳು ನೋಡುಗರಿಗೆ ಕಾಣುತ್ತಿರಲಿಲ್ಲ. ರೀಮನ್‌ಶ್ನೈಡರ್ ಅವರೂ ಇದೇ ಕ್ರಮವನ್ನು ಅನುಸರಿಸಿದರು. ಐನೂರು ವರ್ಷಗಳ ನಂತರವೂ ಇವರ ಅನೇಕ ವಿಗ್ರಹಗಳು ದೃಢವಾಗಿ ಉಳಿದುಬರಲು ಇದೊಂದು ಕಾರಣವಾಗಿದೆ. ಹವ್ಯಾಸಿಗಳು ದಪ್ಪ ದಿಮ್ಮಿಯಲ್ಲಿ ಕೆತ್ತುವಾಗ ಈ ಕ್ರಮವನ್ನು ಗಮನಿಸುವುದು ಸೂಕ್ತ.

ಬಣ್ಣವಿಲ್ಲದ ವಿಗ್ರಹಗಳು

ಆ ಕಾಲದಲ್ಲಿ ಚರ್ಚಿನ ಮರದ ವಿಗ್ರಹಗಳಿಗೆ ಸುಣ್ಣದ ಲೇಪ ಕೊಟ್ಟು, ಬಣ್ಣ ಬಳಿದು, ಚಿನ್ನದ ರೇಕು ಹಚ್ಚುವುದು ರೂಢಿಯಾಗಿತ್ತು. ಲೇಪದ ಅಡಿಯಲ್ಲಿ ಉಳಿಯ ಸೂಕ್ಷ್ಮ ಕೆಲಸ ಮರೆಯಾಗುತ್ತಿತ್ತು. 1490ರಲ್ಲಿ ಮುನ್ನರ್‌ಸ್ಟಾಟ್ ಎಂಬ ಊರಿನ ಚರ್ಚಿನ ಪೂಜಾವೇದಿಕೆಗೆ ಶಿಲ್ಪಗಳನ್ನು ಕೆತ್ತಲು ರೀಮನ್‌ಶ್ನೈಡರ್ ಅವರೊಂದಿಗೆ 145 ಗಿಲ್ಡರ್ ನಾಣ್ಯಗಳಿಗೆ ಕರಾರು ಮಾಡಿಕೊಳ್ಳಲಾಯಿತು. 1492ರಲ್ಲಿ ಪೂರ್ಣಗೊಂಡ ಈ ಶಿಲ್ಪಗಳಿಗೆ ಇವರು ಬಣ್ಣ ಹಚ್ಚಲಿಲ್ಲ. ಮರದ ಮೈಗೆ ಕಂದು ಬಣ್ಣದ ತೆಳುವಾದ ಪಾರದರ್ಶಕ ಲೇಪವನ್ನು ಮಾತ್ರ ನೀಡಿ, ಕಣ್ಣುಪಾಪೆಗಳಂತಹ ಕೆಲವೇ ಭಾಗಗಳನ್ನು ಬಣ್ಣದಿಂದ ಗುರುತಿಸುವುದು ಇವರ ಪದ್ಧತಿಯಾಗಿತ್ತು.

ಆದರೆ ಬರಿಯ ಮರವು ಊರಿನವರಿಗೆ ಒಪ್ಪಿಗೆಯಾಗಿ ಉಳಿಯಲಿಲ್ಲ. ಸುಮಾರು ಹನ್ನೆರಡು ವರ್ಷಗಳ ನಂತರ, 1504ರಲ್ಲಿ, ಮತ್ತೊಬ್ಬ ಪ್ರಸಿದ್ಧ ಶಿಲ್ಪಿ ಫೈಟ್ ಸ್ಟೋಸ್ ಅವರಿಗೆ ಅದೇ ಶಿಲ್ಪಗಳಿಗೆ ಬಣ್ಣ ಹಾಗೂ ಚಿನ್ನದ ಲೇಪ ನೀಡುವ ಕೆಲಸವನ್ನು ವಹಿಸಲಾಯಿತು. ಇದಕ್ಕಾಗಿ ಪಾವತಿಸಿದ ಮೊತ್ತ 220 ಗಿಲ್ಡರ್. ಕೆತ್ತನೆಗೆ ತಗುಲಿದ ವೆಚ್ಚಕ್ಕಿಂತ ಅದನ್ನು ಮುಚ್ಚಲು ತಗುಲಿದ ವೆಚ್ಚವೇ ಹೆಚ್ಚಾಗಿತ್ತೆಂಬುದು ಗಮನಾರ್ಹ.

ಇದರ ನಡುವೆಯೂ ರೀಮನ್‌ಶ್ನೈಡರ್ ಅವರು ತಮ್ಮ ವಿಧಾನವನ್ನು ಕೈಬಿಡಲಿಲ್ಲ. 1501ರಿಂದ 1505ರ ಅವಧಿಯಲ್ಲಿ ರೋಥೆನ್‌ಬರ್ಗ್ ನಗರದ ಸಂತ ಯಾಕೋಬರ ಚರ್ಚಿಗೆ, ಯೇಸುಕ್ರಿಸ್ತರ ಕೊನೆಯ ಭೋಜನದ ದೃಶ್ಯವುಳ್ಳ ಪೂಜಾವೇದಿಕೆಯ ಶಿಲ್ಪಗಳನ್ನು ಬಣ್ಣವಿಲ್ಲದೆಯೇ ರೂಪಿಸಿದರು. ಇದರ ಚೌಕಟ್ಟು ಹಾಗೂ ಮಂಟಪವನ್ನು ಎರ್ಹಾರ್ಟ್ ಹಾರ್ಷ್ನರ್ ಎಂಬ ಬಡಗಿ ನಿರ್ಮಿಸಿದರು. ಮಂಟಪದ ಹಿಂಬದಿಯಲ್ಲಿ ಗಾಜಿನ ಕಿಟಕಿಗಳನ್ನು ಅಳವಡಿಸಲಾಗಿದ್ದು, ಅವುಗಳ ಮೂಲಕ ಬರುವ ಬೆಳಕು ವಿಗ್ರಹಗಳ ನಡುವೆ ಹಾಯುತ್ತದೆ. ಬಣ್ಣವು ಮಾಡಬೇಕಿದ್ದ ಕೆಲಸವನ್ನು ಇಲ್ಲಿ ನೆರಳು ಬೆಳಕು ನಿರ್ವಹಿಸುತ್ತವೆ. ಇವರು ಬಟ್ಟೆಯ ನೆರಿಗೆಗಳನ್ನು ಆಳವಾಗಿ ಕೊರೆದು, ಮುಖದ ಭಾಗಗಳನ್ನು ಹದವಾಗಿ ನಯಗೊಳಿಸುತ್ತಿದ್ದುದು ಇದೇ ಉದ್ದೇಶಕ್ಕಾಗಿ.

ಇತರ ಪ್ರಮುಖ ಕೃತಿಗಳು

ವೂರ್ಜ್‌ಬರ್ಗ್‌ನ ಮರಿಯಾ ಪ್ರಾರ್ಥನಾ ಮಂದಿರಕ್ಕಾಗಿ 1491ರಿಂದ 1493ರ ಅವಧಿಯಲ್ಲಿ ಮರಳುಗಲ್ಲಿನಲ್ಲಿ ಕೆತ್ತಿದ ಆದಾಮ ಮತ್ತು ಹವ್ವಳ ವಿಗ್ರಹಗಳು, ಬಾಂಬರ್ಗ್ ನಗರದ ಮುಖ್ಯ ಚರ್ಚಿನಲ್ಲಿರುವ ಚಕ್ರವರ್ತಿ ಎರಡನೆಯ ಹೈನ್‌ರಿಕ್ ಮತ್ತು ಚಕ್ರವರ್ತಿನಿ ಕುನಿಗುಂಡೆ ಅವರ ಸಮಾಧಿ (1499–1513), ಹಾಗೂ ಕ್ರೆಗ್ಲಿಂಗೆನ್ ಎಂಬಲ್ಲಿರುವ ಮರಿಯಾ ಮಾತೆಯ ಪೂಜಾವೇದಿಕೆ ಇವರ ಇತರ ಪ್ರಮುಖ ಕೃತಿಗಳಾಗಿವೆ. ಕ್ರೆಗ್ಲಿಂಗೆನ್‌ನ ಪೂಜಾವೇದಿಕೆಯನ್ನು ಧರ್ಮಸುಧಾರಣೆಯ ಕಾಲದಲ್ಲಿ ಮುಚ್ಚಿಡಲಾಗಿದ್ದು, 1832ರಲ್ಲಷ್ಟೇ ಮತ್ತೆ ತೆರೆಯಲಾಯಿತು.

ನಗರಾಡಳಿತ ಮತ್ತು ಸೆರೆವಾಸ

1504ರಲ್ಲಿ ರೀಮನ್‌ಶ್ನೈಡರ್ ಅವರು ವೂರ್ಜ್‌ಬರ್ಗ್ ನಗರಸಭೆಯ ಸದಸ್ಯರಾಗಿ ಆಯ್ಕೆಯಾದರು. 1520ರಲ್ಲಿ ನಗರದ ಮೇಯರ್ ಹುದ್ದೆಯನ್ನು ವಹಿಸಿಕೊಂಡರು. ನಗರದ ಒಡೆಯರು ಮಾತ್ರ ನದಿಯ ಆಚೆ ದಡದ ಮರಿಯೆನ್‌ಬರ್ಗ್ ಕೋಟೆಯಿಂದ ಆಳುತ್ತಿದ್ದ ಬಿಷಪ್ ಅರಸರು. ಇವರ ಅನೇಕ ಕೆಲಸಗಳಿಗೆ ಅವರೇ ಆಶ್ರಯದಾತರೂ ಆಗಿದ್ದರು.

1525ರಲ್ಲಿ ತೆರಿಗೆ ಹಾಗೂ ಜೀತದ ಭಾರ ತಾಳಲಾರದೆ ಜರ್ಮನಿಯ ರೈತರು ದಂಗೆ ಎದ್ದರು. ರೈತರ ವಿರುದ್ಧ ಹೋರಾಡಲು ಬಿಷಪ್ ಕೊನ್ರಾಡ್ ಅವರು ನಗರದ ಸಹಾಯವನ್ನು ಕೋರಿದಾಗ ನಗರಸಭೆಯು ನಿರಾಕರಿಸಿತು. ಸದಸ್ಯರಾಗಿದ್ದ ರೀಮನ್‌ಶ್ನೈಡರ್ ಅವರೂ ಈ ನಿಲುವಿನಲ್ಲಿ ಭಾಗಿಯಾಗಿದ್ದರು. ಅದೇ ವರ್ಷದ ಜೂನ್ ತಿಂಗಳ ಆರಂಭದಲ್ಲಿ ರೈತಪಡೆಗಳು ಸೋತು, ನಗರವು ಶರಣಾಯಿತು. ಅರವತ್ತು ದಾಟಿದ್ದ ಶಿಲ್ಪಿಯನ್ನು ಮರಿಯೆನ್‌ಬರ್ಗ್ ಕೋಟೆಯಲ್ಲಿ ಸುಮಾರು ಎರಡು ತಿಂಗಳು ಸೆರೆಯಲ್ಲಿಟ್ಟು ಚಿತ್ರಹಿಂಸೆಗೆ ಒಳಪಡಿಸಲಾಯಿತು. ಸಭೆಯ ಸದಸ್ಯತ್ವವನ್ನೂ, ಆಸ್ತಿಯ ಒಂದು ಭಾಗವನ್ನೂ ಇವರು ಕಳೆದುಕೊಂಡರು.

ಸೆರೆಯಲ್ಲಿ ಇವರ ಕೈಗಳನ್ನು ಮುರಿಯಲಾಯಿತೆಂಬ ಕಥೆಯು ವ್ಯಾಪಕವಾಗಿ ಪ್ರಚಲಿತವಾಗಿದೆ. ಇದಕ್ಕೆ ಅಂದಿನ ದಾಖಲೆಗಳ ಆಧಾರವಿರುವುದಿಲ್ಲ. 1527ರಲ್ಲಿ ಕಿಟ್ಜಿಂಗೆನ್‌ನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಇವರು ದುರಸ್ತಿ ಕೆಲಸ ಕೈಗೊಂಡಿದ್ದರು. ಆದರೆ ದೊಡ್ಡ ಕೆಲಸಗಳನ್ನು ವಹಿಸುವವರು ಮಾತ್ರ ಮತ್ತೆ ಬರಲಿಲ್ಲ.

ನಿಧನ ಮತ್ತು ಮರುಶೋಧ

ರೀಮನ್‌ಶ್ನೈಡರ್ ಅವರು 1531ರ ಜುಲೈ 7ರಂದು ವೂರ್ಜ್‌ಬರ್ಗ್‌ನಲ್ಲಿ ನಿಧನರಾದರು. ಶಿಲ್ಪಿಯಾಗಿದ್ದ ಇವರ ಪುತ್ರ ಯೋರ್ಗ್ ಅವರು ತಂದೆಯ ಸಮಾಧಿಗೆ ಕಲ್ಲನ್ನು ಕೆತ್ತಿದರು. ನಂತರದ ಸುಮಾರು ಮೂರು ಶತಮಾನಗಳ ಕಾಲ ಇವರ ಹೆಸರು ಬಹುತೇಕ ಮರೆತುಹೋಗಿತ್ತು. 1822ರಲ್ಲಿ ಆ ಸಮಾಧಿ ಕಲ್ಲು ಪತ್ತೆಯಾದ ಬಳಿಕ ಇವರ ಕೃತಿಗಳ ಕುರಿತು ಆಸಕ್ತಿ ಮರಳಿ ಮೂಡಿತು. ಮುಂದೆ, ಇವರನ್ನು ಸೆರೆಯಲ್ಲಿಟ್ಟಿದ್ದ ಮರಿಯೆನ್‌ಬರ್ಗ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿಯೇ ಇವರ ಕೃತಿಗಳ ಅತಿದೊಡ್ಡ ಸಂಗ್ರಹವು ರೂಪುಗೊಂಡಿತು.

ಸರಿಯಾದ ಮರದ ಆಯ್ಕೆ, ಒಳಗಿನಿಂದ ಟೊಳ್ಳಾಗಿಸುವ ಎಚ್ಚರ, ಬೆಳಕಿನ ದಿಕ್ಕನ್ನು ಅರಿತು ಕೆತ್ತುವ ಜಾಣ್ಮೆ ಹಾಗೂ ಉಳಿಯ ಗುರುತನ್ನು ಮರೆಮಾಚದ ಧೈರ್ಯ, ಇವು ಈ ಶಿಲ್ಪಿಯ ಕೃತಿಗಳಿಂದ ಕೆತ್ತನೆಯ ಅಭ್ಯಾಸಿಗಳು ಪಡೆಯಬಹುದಾದ ಪಾಠಗಳಾಗಿವೆ.