ತಂದೆಯೂ ಗೆಳೆಯನೂ ಆಗಿದ್ದ ವರಕವಿ

ದೊಡ್ಡ ಕವಿಗಳನ್ನು ಸ್ಮರಿಸುವಾಗ ಅವರ ಗ್ರಂಥಗಳನ್ನೂ ಬಿರುದುಗಳನ್ನೂ ಎಣಿಸಿ ತೃಪ್ತರಾಗುವುದು ನಮ್ಮ ರೂಢಿ. ಅವರ ಮನೆಯ ಹೊಸ್ತಿಲು ದಾಟಿ, ಅಲ್ಲಿ ಅವರು ಎಂಥ ತಂದೆಯಾಗಿದ್ದರು, ಎಂಥ ಗೆಳೆಯರಾಗಿದ್ದರು ಎಂದು ನೋಡುವುದು ಅಪರೂಪ. ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ವಿಷಯದಲ್ಲಿ ಹಾಗೆ ಹೊರಗೇ ನಿಂತರೆ ಅವರ ಕಾವ್ಯವೂ ನಮಗೆ ಅರ್ಧವೇ ದಕ್ಕುವುದು. ಹನ್ನೆರಡು ವರ್ಷ ನಮ್ಮ ಸೊಲ್ಲಾಪುರದ ನೀರು ಕುಡಿದ ಆ ಹಿರಿಯರನ್ನು ಮನೆಯವರಂತೆ ನೆನೆಯುವ ಹಕ್ಕು ಗಡಿನಾಡಿನ ಕನ್ನಡಿಗರಾದ ನಮಗೆ ವಿಶೇಷವಾಗಿ ಇದೆ.

ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಹುಡುಗನಿಗೆ ತಿಳಿವಳಿಕೆ ಬರುವಷ್ಟರಲ್ಲಿಯೇ ತಂದೆ ತೀರಿಕೊಂಡರು. ಮುಂದಿನ ಓದಿಗೆ ಚಿಕ್ಕಪ್ಪ ಬಂಡೋಪಂತರು ಆಸರೆಯಾದರು. ತಾಯಿಯ ಋಣವನ್ನು ಮಗ ತನ್ನ ಕಾವ್ಯನಾಮದಲ್ಲಿಯೇ ಕಟ್ಟಿಕೊಂಡನು. ಅಂಬಿಕಾತನಯದತ್ತನೆಂದರೆ ಅಂಬಿಕೆಯ ಮಗನಾದ ದತ್ತ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿ ಧಾರವಾಡಕ್ಕೆ ಮರಳಿ, ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. 1919ರಲ್ಲಿ ಲಕ್ಷ್ಮೀಬಾಯಿಯವರ ಕೈ ಹಿಡಿದರು.

ತಂದೆಯ ನೆರಳು ಬೇಗ ಸರಿದ ಬಾಳಿಗೆ ಗೆಳೆತನವೇ ಇನ್ನೊಂದು ಮನೆಯಾಯಿತು. ಅವರ ಸುತ್ತ ಬೆಳೆದ ಗೆಳೆಯರ ಗುಂಪಿನಲ್ಲಿ ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರಿದ್ದರು. ಊರೂರುಗಳಲ್ಲಿ ಕನ್ನಡದ ಉತ್ಸಾಹವನ್ನು ಎಬ್ಬಿಸಿದ ನಾಡಹಬ್ಬವು 1926ರಲ್ಲಿ ಈ ಗುಂಪಿನಿಂದಲೇ ಮೊದಲಾಯಿತು. ವಯಸ್ಸಿನಲ್ಲಿ ಹದಿಮೂರು ವರ್ಷ ಕಿರಿಯರಾದ ಗೋಕಾಕರು ಬೇಂದ್ರೆಯವರನ್ನು ಕಾವ್ಯಗುರುವೆಂದೇ ಭಾವಿಸಿದರು. ಗುರುವಾದರೋ ಶಿಷ್ಯನನ್ನು ಗೆಳೆಯನ ಪಂಕ್ತಿಯಲ್ಲಿ ಕೂರಿಸಿಕೊಂಡರು. ನಮಗೆ ನೆರೆಯದಾದ ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನರೊಡನೆ ಅವರಿಗಿದ್ದ ಸ್ನೇಹವೂ ಇಂಥದೇ. ಶ್ರೀ ಅರವಿಂದರ ಮೇಲಣ ಭಕ್ತಿಯು ಆ ಸ್ನೇಹವನ್ನು ಇನ್ನಷ್ಟು ಗಾಢಗೊಳಿಸಿತು.

ಮನೆಯೊಳಗಿನ ಚಿತ್ರ ಬೇರೆ. ಬಡತನ ಬಾಗಿಲಲ್ಲಿಯೇ ಕುಳಿತಿತ್ತು. ‘ನರಬಲಿ’ ಎಂಬ ಕವನಕ್ಕಾಗಿ ಆಂಗ್ಲ ಸರಕಾರವು ಅವರನ್ನು ಸೆರೆಯಲ್ಲಿಟ್ಟಿತು. ಬಿಡುಗಡೆಯಾದ ಮೇಲೂ ನೆಲೆಯಾದ ಕೆಲಸ ಸುಲಭವಾಗಿ ದೊರೆಯಲಿಲ್ಲ. ಇದಕ್ಕಿಂತಲೂ ಕಠೋರವಾದ ಪೆಟ್ಟು ಬೇರೊಂದಿತ್ತು. ಹುಟ್ಟಿದ ಮಕ್ಕಳಲ್ಲಿ ಹಲವರು ತಂದೆತಾಯಿಗಳ ಕಣ್ಣ ಮುಂದೆಯೇ ಕಣ್ಮುಚ್ಚಿದರು. ಮಗುವಿನ ಮರಣದ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದೆ ತತ್ತರಿಸುವ ತಂದೆಯ ಮಾತನ್ನು ಅವರು ಒಂದು ಕವಿತೆಯಾಗಿಸಿದ್ದಾರೆ. ಧಾರವಾಡದ ಆಡುನುಡಿಯಲ್ಲಿರುವ ಆ ಹಾಡನ್ನು ಅರಿಯದ ಕನ್ನಡಿಗರು ವಿರಳ. 1937ರಲ್ಲಿ ಪ್ರಕಟವಾದ ‘ಸಖೀಗೀತ’ದಲ್ಲಿ ಸಂಸಾರದ ಸುಖದುಃಖಗಳನ್ನು ಹೆಂಡತಿಯೊಡನೆ ಕುಳಿತು ಹೇಳಿಕೊಳ್ಳುವಂತೆ ಹೇಳಿದರು. ಅಲ್ಲಿ ಹೆಂಡತಿಯೇ ಸಖಿ. ಗೆಳೆತನವೆಂಬುದು ಅವರಿಗೆ ಹೊರಗಿನ ಜಗಲಿಗೆ ಮಾತ್ರ ಮೀಸಲಾದ ಮಾತಾಗಿರಲಿಲ್ಲ.

ಇಷ್ಟು ನೊಂದವರು ನಗುವನ್ನು ಮರೆತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಬೇಂದ್ರೆಯವರು ಮನೆಗೆ ಬಂದವರ ಕೈಗೆ ಸಕ್ಕರೆಯಿಟ್ಟು ಮಾತಿಗೆ ತೊಡಗುತ್ತಿದ್ದವರು. ಭಾಷಣಕ್ಕೆ ನಿಂತರೆ ಒಂದು ಪದವನ್ನು ಹಿಡಿದು, ಅದನ್ನು ಬಿಡಿಸಿ, ತಿರುಗಿಸಿ, ಮತ್ತೆ ಕೂಡಿಸಿ ಸಭೆಯನ್ನು ನಗೆಯಲ್ಲಿ ಮುಳುಗಿಸುತ್ತಿದ್ದರು. ಸಭೆ ನಕ್ಕು ಮುಗಿಯುವಷ್ಟರಲ್ಲಿ ಒಂದು ಗಂಭೀರ ವಿಚಾರವು ಅವರ ಮನಸ್ಸಿನೊಳಗೆ ಇಳಿದಿರುತ್ತಿತ್ತು. ಸಾವನ್ನು ಅಷ್ಟು ಹತ್ತಿರದಿಂದ ಕಂಡವರು ತಮ್ಮದೊಂದು ನಗೆನಾಟಕಕ್ಕೆ ‘ಸಾಯೋ ಆಟ’ವೆಂದು ಹೆಸರಿಟ್ಟರು! ಅವರ ನಗೆ ದುಃಖವನ್ನು ಅರಿಯದವರ ನಗೆಯಲ್ಲ. ದುಃಖವನ್ನು ತಾನು ನುಂಗಿ, ಎದುರಿಗಿದ್ದವರಿಗೆ ಸಕ್ಕರೆಯನ್ನಷ್ಟೇ ಹಂಚಿದ ಹಿರಿಯನ ನಗೆ.

1944ರಲ್ಲಿ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಬಂದರು. ಆ ವೇಳೆಗೆ ಅವರು ಶಿವಮೊಗ್ಗೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದವರು. ಸಿದ್ಧರಾಮನ ಈ ಊರು ಮರಾಠಿ, ಕನ್ನಡ, ತೆಲುಗು, ಉರ್ದು ನುಡಿಗಳು ಒಂದೇ ಪೇಟೆಯಲ್ಲಿ ಬೆರೆಯುವ ಊರು. ಬೇಂದ್ರೆಯವರಿಗೆ ಇದು ಹೊಸದೆನಿಸಿರಲಾರದು. ಅವರ ಮನೆಮಾತು ಮರಾಠಿ, ಮನಸ್ಸಿನ ಮಾತು ಕನ್ನಡ. ಎರಡರಲ್ಲಿಯೂ ಬರೆದರು, ಅವರ ಮರಾಠಿ ಕೃತಿ ‘ಸಂವಾದ’ಕ್ಕೆ ಕೇಳಕರ ಪುರಸ್ಕಾರ ದೊರೆಯಿತು. ಒಂದು ನುಡಿಯನ್ನು ಪ್ರೀತಿಸಲು ಇನ್ನೊಂದನ್ನು ದ್ವೇಷಿಸಬೇಕಾಗಿಲ್ಲವೆಂಬುದನ್ನು ಅವರು ಬಾಳಿಯೇ ತೋರಿದರು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು ಮಾತು ಆಡುತ್ತ ಕನ್ನಡ ಶಾಲೆಗೆ ನಡೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಆದರ್ಶ ಬೇರೆ ಬೇಕಿಲ್ಲ.

1956ರಲ್ಲಿ ಅವರಿಗೆ ಅರವತ್ತು ತುಂಬಿತು. ಅದೇ ವರ್ಷ ಸೊಲ್ಲಾಪುರದ ಸೇವೆಯಿಂದ ನಿವೃತ್ತರಾಗಿ, ಧಾರವಾಡ ಆಕಾಶವಾಣಿಯ ಸಲಹೆಗಾರರಾದರು. ರಾಜ್ಯಗಳ ಪುನರ್ವಿಂಗಡಣೆಯಾಗಿ ಧಾರವಾಡವು ಕನ್ನಡ ರಾಜ್ಯಕ್ಕೆ ಸೇರಿ, ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿಯೇ ಉಳಿದದ್ದೂ ಅದೇ ವರ್ಷ. ಅರವತ್ತಾದವರಿಗೆ ಅರಳುಮರಳು ಎಂದು ಲೋಕ ನಗುವುದುಂಟು. ಬೇಂದ್ರೆಯವರು ಆ ನಗೆಯನ್ನು ತಾವೇ ಮೊದಲು ನಕ್ಕು, ಐದು ಕವನಸಂಗ್ರಹಗಳನ್ನು ಒಟ್ಟುಗೂಡಿಸಿ ‘ಅರಳು ಮರಳು’ ಎಂದು ಕರೆದರು. ಪದವನ್ನು ಬಿಡಿಸಿ ಓದಿದರೆ ಮುಪ್ಪಿನ ಮರುಳು ಮಾಯವಾಗಿ, ಹೂವು ಮರಳಿ ಅರಳುತ್ತದೆ. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಮುಂದೆ ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿಯೂ ಸಂದಿತು.

1981ರ ಅಕ್ಟೋಬರ್ 26ರಂದು, ಮನೆಮನೆಗಳಲ್ಲಿ ದೀಪಾವಳಿಯ ಹಣತೆಗಳು ಬೆಳಗುವ ದಿನಗಳಲ್ಲಿ, ಮುಂಬಯಿಯಲ್ಲಿ ಆ ಹಿರಿಯ ಜೀವ ನಂದಿತು. ಮಗ ವಾಮನ ಬೇಂದ್ರೆಯವರು ತಂದೆಯ ಕವಿತೆಗಳನ್ನೆಲ್ಲ ಅರಸಿ, ಕೂಡಿಸಿ, ‘ಔದುಂಬರಗಾಥೆ’ ಎಂಬ ಹೆಸರಿನಿಂದ ಸಂಪುಟಗಳಲ್ಲಿ ಪ್ರಕಟಿಸಿದರು. ಪಿತೃಋಣವನ್ನು ತೀರಿಸುವ ಬಗೆ ಇದಕ್ಕಿಂತ ಬೇರೆ ಯಾವುದು? ಕವಿಯ ಋಣ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ಓದುವವರೆಲ್ಲರಿಗೂ ಸಂಬಂಧಿಸಿದ್ದು. ನಮ್ಮ ಮನೆಗಳಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಬಳಿ ಕೂರಿಸಿಕೊಂಡು ಅವರದೊಂದು ಹಾಡನ್ನು ಗಟ್ಟಿಯಾಗಿ ಓದಿದರೆ, ನಮ್ಮ ಪಾಲಿನದು ಅಷ್ಟಾದರೂ ಸಂದೀತು.